ಎಂಬತ್ತು ಕೆಜಿಗೆ ಜಾಗ

ಮುಂಬಯಿಯ ಸಾಂತಾಕ್ರೂಜ್‌ನ ಹೋಟೆಲ್ ಸದಾನಂದ ಪ್ರೀತಿಯನ್ನು ಬಾಯಲ್ಲಿ ಹೇಳುವವನಲ್ಲ, ಡಬ್ಬಿಗೆ ತುಂಬಿ ಕೊಡುವವನು. ಆ ದಿನ ಧಾತ್ರಿಯ ಜೀಪಿಗೆ ಅವನು ಹೇರಿದ ಸಾಮಾನು ಕಂಡರೆ, ಮರುಭೂಮಿಯ ಅಷ್ಟೂ ಒಂಟೆಗಳಿಗೆ ಮದುವೆ ಊಟ ಹಾಕಲು ಹೊರಟಿದ್ದಾಳೆ ಎನ್ನಬೇಕು.

ಧಾತ್ರಿ ಮೈಸೂರು ಕಡೆಯವಳು. ಪರೇಲ್‌ನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ನಲವತ್ತು ದಾಟಿದೆ, ಒಂಟಿ. ಮೂರು ವರ್ಷದಿಂದ ಬೆಳಗಿನ ತಿಂಡಿ ಅವನ ಹೋಟೆಲಿನಲ್ಲೇ. ಹಿಂದಿನ ವ್ಯಾಪಾರಿಗಳು ಒಂಟೆಗಳ ಮೇಲೆ ಸರಕು ಹೇರಿಕೊಂಡು ಹೋಗುತ್ತಿದ್ದ ಜೈಸಲ್ಮೇರಿನ ಮರಳುದಾರಿಯಲ್ಲಿ ಜೀಪ್ ಓಡಿಸಬೇಕೆಂಬುದು ಅವಳ ಹಳೇ ಹುಚ್ಚು. ನಾಳೆಯೇ ಹೊರಡಬೇಕು. ಆದರೆ ಜೊತೆಗೆ ಬರಬೇಕಿದ್ದ ಗೆಳತಿ ಮೋಹಿನಿ ಕೈ ಮುರಿದುಕೊಂಡಿದ್ದಳು. ಗಾಡಿಗೆ ಇಬ್ಬರು ಇರಲೇಬೇಕು, ಸಂಜೆ ಐದರೊಳಗೆ ಇನ್ನೊಂದು ಹೆಸರು ಬರದಿದ್ದರೆ ತಂಡದಲ್ಲಿ ನಿಮ್ಮ ಗಾಡಿ ಇಲ್ಲ ಎಂದಿದ್ದರು, ಜೀಪುಗಳನ್ನು ಒಟ್ಟಿಗೆ ಕರೆದೊಯ್ಯುವ ಟೂರಿನವರು.

ಗಂಟೆ ನಾಲ್ಕೂವರೆ. ‘ನಾನು ಬರ್ತೇನೆ’ ಎನ್ನುವುದು ಸದಾನಂದನ ಗಂಟಲಲ್ಲೇ ಕೂತಿತ್ತು. ಹೇಳಲಾಗದೆ ಇನ್ನೊಂದು ಮೂಟೆ ತೆಂಗಿನಕಾಯಿ ಹೊತ್ತು ತಂದ.

“ಮರಳಲ್ಲಿ ಭಾರ ಜಾಸ್ತಿ ಆದ್ರೆ ಚಕ್ರ ಹೂತೋಗತ್ತೆ ಸದಾನಂದ್ರೇ. ಟಯರಿನ ಗಾಳೀನೂ ಇಳಿಸಿ ಓಡಿಸ್ಬೇಕು. ನೀವು ನೋಡಿದ್ರೆ ಗ್ರೈಂಡರ್ ಒಂದು ಬಿಟ್ಟು ಎಲ್ಲಾ ತಂದಿದ್ದೀರಿ!”

“ಗ್ರೈಂಡರ್ ಹಿಂದೆ ಉಂಟು ಮೇಡಂ.”

ಧಾತ್ರಿ ನಗಲಿಲ್ಲ. ಒಂದೊಂದಾಗಿ ಇಳಿಸತೊಡಗಿದಳು. ಅಕ್ಕಿ, ಚಟ್ನಿಪುಡಿ, ಹಪ್ಪಳದ ಕಟ್ಟು, ಇಡ್ಲಿ ಪಾತ್ರೆ. ಒಂದೊಂದು ನೆಲಕ್ಕೆ ಬಂದಾಗಲೂ ತನ್ನನ್ನೇ ಕುತ್ತಿಗೆ ಹಿಡಿದು ಇಳಿಸಿದಂತಾಯಿತು ಅವನಿಗೆ. ಹೋಟೆಲಿರುವ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಗುಡ್ಡವೇ ಎದ್ದಿತು.

ಅವಳು ಕೈ ಒರೆಸಿಕೊಂಡಳು. “ಈಗ ಎಂಬತ್ತು ಕೆಜಿಗೆ ಜಾಗ ಆಯ್ತು.”

“ಹಾಗಾದ್ರೆ ನೀರಿನ ಕ್ಯಾನು ಇಡುವುದಾ?”

“ನಿಮ್ಮ ತೂಕ ಎಷ್ಟು?”

ಅವನ ಕಿವಿ ಎಷ್ಟು ಕೆಂಪಾಯಿತೆಂದರೆ ಅದರ ಮೇಲೆ ದೋಸೆ ಹುಯ್ಯಬಹುದಿತ್ತು. “ಎಂಬತ್ತ... ನಾಲ್ಕು.”

“ನನ್ನ ಬ್ಯಾಗಿಂದ ನಾಲ್ಕು ಕೆಜಿ ತೆಗೀತೀನಿ.” ಅವಳು ಓರೆಗಣ್ಣಲ್ಲಿ ಅವನನ್ನು ನೋಡಿ, ಫೋನು ಮುಂದೆ ಹಿಡಿದಳು. ಟೂರಿನವರ ಫಾರಂನಲ್ಲಿ ಎರಡನೇ ಹೆಸರಿನ ಜಾಗ ಖಾಲಿಯಿತ್ತು. “ಬಲವಂತ ಇಲ್ಲ. ನೀವೇ ಬರೀಬೇಕು.”

ಸದಾನಂದ ತಿರುಗಿ ಹೋಟೆಲನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅದರ ಶಟರ್ ಹಗಲು ಇಳಿದದ್ದು ಎರಡೇ ಸಲ, ಅಪ್ಪ ಸತ್ತಾಗ, ಅಮ್ಮ ಸತ್ತಾಗ. ಆಮೇಲೆ, ತನ್ನ ಹೆಸರಿನ ಒಂದೊಂದೇ ಅಕ್ಷರ ಒತ್ತಿದ.

“ಕಿಶೋರಾ,” ಅಡುಗೆಯವನನ್ನು ಕೂಗಿದ, “ನಾಳೆಯಿಂದ ಒಂದು ವಾರ ಬಂದ್!”

ಕಿಶೋರ ಸೌಟು ಹಿಡಿದೇ ಓಡಿ ಬಂದ. “ಅಯ್ಯೋ, ಯಾರು ತೀರಿಹೋದ್ರಣ್ಣಾ?”

“ಯಾರೂ ಇಲ್ಲ ಮಾರಾಯ!”

ಧಾತ್ರಿಗೆ ಈಗ ನಗು ತಡೆಯಲಾಗಲಿಲ್ಲ. ಕಿಶೋರ ಒಳಗೆ ಹೋದ ಮೇಲೆ ಸದಾನಂದ ಮೆಲ್ಲಗೆ ಕೇಳಿದ: “ಅಷ್ಟು ದಿನ ಪಕ್ಕದಲ್ಲಿ ಕೂತು ನಾನು ಎಂತ ಮಾತಾಡುವುದು?”

“ಮೂರು ವರ್ಷದಿಂದ ನುಂಗ್ಕೊಂಡಿದ್ದೀರಲ್ಲ, ಅದನ್ನೇ ಶುರು ಮಾಡಿ.”

ಸದಾನಂದ ಜೈಸಲ್ಮೇರ್ ಬರುವ ತನಕ ಕಾಯಲಿಲ್ಲ.