ಕರಡಿ ಗುಡ್ಡದ ಮೇಲೆ ನಡುಗಿದ ಜೀಪು

ಮಧ್ಯಾಹ್ನ ಎರಡರ ಹೊತ್ತಿಗೆ ಪ್ರಶಾಂತನ ಫೋನು ಬಂತು. ಕರಡಿ ಗಣತಿಗೆಂದು ಮಾಸೂರಿನ ಹಿಂದಿನ ಗುಡ್ಡದಲ್ಲಿ ಕಟ್ಟಿದ್ದ ಕ್ಯಾಮೆರಾಗಳನ್ನು ನೋಡಿ ಬರಲು ಅವನು ಬೆಳಿಗ್ಗೆ ಒಬ್ಬನೇ ಹತ್ತಿದ್ದ.

"ಸ್ಪಂದನಾ, ಕರಡಿ ತೊಡಿ ಹರದೈತಿ. ಮ್ಯಾಲಿನ ಮಂಟಪದಾಗ ಕುಂತೇನಿ. ರಕ್ತ ನಿಲ್ಲವಲ್ದು."

ಅಷ್ಟೇ. ಮತ್ತೆ ಫೋನು ಹತ್ತಲಿಲ್ಲ.

ಕರೆಸಿದ ಆಂಬುಲೆನ್ಸ್ ಗುಡ್ಡದ ಬುಡದವರೆಗೆ ಮಾತ್ರ ಬರಬಲ್ಲದು. ಅಲ್ಲಿಂದ ಮೇಲಕ್ಕೆ ಬರೀ ಕಲ್ಲುದಾರಿ. ಏರುವುದಿದ್ದರೆ ಶಾಕೀರಾಳ ಹಳೆಯ ಪೆಟ್ರೋಲ್ ಜೀಪೇ ಏರಬೇಕು. ಸವಣೂರಿನಲ್ಲಿ ಗಂಡ ಕುತುಬುದ್ದೀನನ ಜೊತೆ ಇಪ್ಪತ್ತು ವರ್ಷ ಗ್ಯಾರೇಜು ನಡೆಸಿದ್ದ ಶಾಕೀರಾ, ಎರಡು ತಿಂಗಳಿಂದ ಈ ಗಣತಿ ತಂಡಕ್ಕೆ ಗಾಡಿ ಓಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ತಂಡದ ಮುಖ್ಯಸ್ಥೆ ಸ್ಪಂದನಾ ಕುಳಿತಳು. ಹಿಂದೆ ಅರಣ್ಯ ಕಾವಲುಗಾರ ಉಳಿವೆಪ್ಪ, ಕೈಯಲ್ಲಿ ಬಡಿಗೆ ಮತ್ತು ಒಂದು ಖಾಲಿ ಎಣ್ಣೆ ಡಬ್ಬಿ.

ದಾರಿ ಗುಡ್ಡದ ಸೊಂಟ ಸುತ್ತಿ ಏರುತ್ತಿತ್ತು. ಒಂದು ಕಡೆ ಬಂಡೆಗಳ ಮೇಲೆ ಬಂಡೆ, ನಡುನಡುವೆ ಎಲೆಯಿಲ್ಲದೆ ಬರೀ ಕೆಂಪು ಹೂ ಹೊತ್ತ ಮುತ್ತಗದ ಮರಗಳು. ಇನ್ನೊಂದು ಕಡೆ ನೆಲವೇ ಇರಲಿಲ್ಲ. ಬಹಳ ಕೆಳಗೆ ಮದಗದ ಕೆರೆ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಅದರ ಆಚೆಗೆ ಹಸಿರು ಗದ್ದೆಗಳು, ಗದ್ದೆಗಳಲ್ಲಿ ಇರುವೆಯಷ್ಟು ಸಣ್ಣ ಜನ. ಸ್ಪಂದನಾ ಆ ಕಡೆ ಒಮ್ಮೆ ನೋಡಿದವಳು ಮತ್ತೆ ನೋಡಲಿಲ್ಲ.

ಅರ್ಧ ದಾರಿಯಲ್ಲಿ ಉಳಿವೆಪ್ಪ ಅಡ್ಡ ಬಿದ್ದ ಟೊಂಗೆ ಸರಿಸಲು ಇಳಿದ. ಜೀಪು ನಿಂತಲ್ಲೇ ಗಡಗಡ ನಡುಗತೊಡಗಿತು. ಸ್ಟೇರಿಂಗು, ಸೀಟು, ಕನ್ನಡಿ ಎಲ್ಲವೂ ಅದುರಿದವು.

"ಏನಾತ್ರೀ ಅಕ್ಕಾರ?" ಸ್ಪಂದನಾ ಕೇಳಿದಳು.

"ನಿಂತಾಗ ನಡಗತೈತಿ. ರೇಸ್ ಕೊಟ್ರ ಸರಿ ಹೋಗತೈತಿ. ಮೊದ್ಲ ಅವನ್ನ ಮುಟ್ಟೂಣು."

ಮಂಟಪದ ಮೊದಲ ಕಂಬಕ್ಕೆ ಒರಗಿ ಪ್ರಶಾಂತ ಬಿದ್ದಿದ್ದ. ತುಟಿ ಬಿಳಿಚಿತ್ತು. ಸ್ಪಂದನಾ ಗಾಯದ ಮೇಲೆ ಬಟ್ಟೆ ಒತ್ತಿ ಬಿಗಿಯಾಗಿ ಕಟ್ಟಿದಳು. ಮೂವರೂ ಸೇರಿ ಅವನನ್ನು ಹಿಂದಿನ ಸೀಟಿಗೆ ಏರಿಸಿದರು.

"ಅದು ಇಲ್ಲೇ ಐತಿ," ಅಂದ ಅವನು. "ಮರಿ ಅದಾವ ಅದರ ಕೂಡ."

ಶಾಕೀರಾ ಜೀಪನ್ನು ತಿರುಗಿಸಿದಳು. ಇಳಿಜಾರಿಗೆ ಮೂತಿ ಬಂದೊಡನೆ ಬ್ರೇಕು ಒತ್ತಿದಳು. ಪೆಡಲ್ ಕಲ್ಲಾಗಿತ್ತು!

ಜೀಪು ಜಾರಿತು. ಎರಡೂ ಕಾಲಿಟ್ಟು ತುಳಿದಳು. ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಸ್ಟೇರಿಂಗ್ ಹೊರಳಿಸಿದಳು. ಮುಂದಿನ ಗಾಲಿ ಒಂದು ಬಂಡೆಗೆ ಬಡಿದು ನಿಂತಿತು. ಬಂಡೆಯ ಆಚೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಎಂಜಿನ್ ಇನ್ನೂ ನಡುಗುತ್ತಲೇ ಇತ್ತು.

"ಹೊತ್ತುಕೊಂಡು ಇಳಿಯೂಣೇನ್ರಿ?" ಸ್ಪಂದನಾ ಕೇಳಿದಳು.

"ಎರಡು ತಾಸು ಬೇಕು. ಅಷ್ಟು ರಕ್ತ ಇಲ್ಲ ಅವನ ಮೈಯಾಗ," ಅಂದ ಉಳಿವೆಪ್ಪ. ಆಮೇಲೆ ಮೆಲ್ಲಗೆ ಸೇರಿಸಿದ, "ತಂಗಿ, ಆ ಲಂಟಾನ ಕಂಟಿ ಅಲಗ್ಯಾಡಾಕತ್ತೈತಿ ನೋಡು."

ನಲವತ್ತು ಹೆಜ್ಜೆ ದೂರದ ಪೊದೆಯಿಂದ ಗುರ್ರೆಂಬ ಉಸಿರು ಬಂತು. ಉಳಿವೆಪ್ಪ ಡಬ್ಬಿ ಬಡಿಯತೊಡಗಿದ. ಪೊದೆ ಸುಮ್ಮನಾಯಿತು.

ಶಾಕೀರಾ ಬಾನೆಟ್ ಎತ್ತಿದಳು. ಒಣಬಟ್ಟೆ ಹಿಡಿದು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದಳು. ಒಂದನ್ನು ಕಿತ್ತಾಗ ಎಂಜಿನ್ ಇನ್ನಷ್ಟು ಕುಗ್ಗಿತು. ಎರಡನೆಯದಕ್ಕೂ ಕುಗ್ಗಿತು. ನಾಲ್ಕಕ್ಕೂ ಹಾಗೆಯೇ. ಅಂದರೆ ನಾಲ್ಕೂ ಪ್ಲಗ್ಗು ದುಡಿಯುತ್ತಿದ್ದವು. ಸತ್ತದ್ದು ಯಾವುದೂ ಇಲ್ಲ.

ಹಾಗಾದರೆ ನಡುಕ ಯಾಕೆ? ರೇಸ್ ಕೊಟ್ಟರೆ ಯಾಕೆ ಹೋಗುತ್ತದೆ? ಬೇಡದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿರಬೇಕು. ಬ್ರೇಕು ಕಲ್ಲಾದದ್ದು... ಅವಳ ಕೈ ತಟ್ಟನೆ ನಿಂತಿತು. ಬ್ರೇಕಿಗೆ ಬಲ ಕೊಡುವುದೂ ಎಂಜಿನ್ನೇ. ಒಂದು ದಪ್ಪ ರಬ್ಬರ್ ಪೈಪಿನಿಂದ ಗಾಳಿ ಎಳೆದುಕೊಂಡೇ ಅದು ಬಲ ಕೊಡುತ್ತದೆ. ಎರಡೂ ಒಂದೇ ರೋಗ!

ಆದರೆ ಪೈಪು ಎಲ್ಲೂ ಒಡೆದಂತೆ ಕಾಣಲಿಲ್ಲ. ಕಿವಿಯಿಂದಲೇ ಹುಡುಕಬೇಕಿತ್ತು.

"ಅಣ್ಣಾ, ಡಬ್ಬಿ ಬಡಿಯೂದು ನಿಲ್ಸ್ರಿ."

"ಹುಚ್ಚು ಹಿಡದೈತೇನು? ಅದು ಹೊರಗ ಬರ್ತೈತಿ!"

"ನನಗ ಕೇಳಸವಲ್ದು. ನಿಲ್ಸ್ರಿ."

ಸದ್ದು ನಿಂತಿತು. ಶಾಕೀರಾ ಬಿಸಿ ಎಂಜಿನ್ನಿನ ಮೇಲೆ ಬಗ್ಗಿದಳು. ಹಿಂದೆ ಒಣಹುಲ್ಲು ಸರಬರ ಅನ್ನುತ್ತಿತ್ತು. ತಿರುಗಿ ನೋಡಿದರೆ ತನ್ನ ಕೈ ಕೆಲಸ ಮಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನೋಡಲಿಲ್ಲ.

ಸ್ಸ್ಸ್...

ಎಂಜಿನ್ನಿಗೆ ಪೈಪು ಸೇರುವ ಕಡೆ, ಕೆಳಮೈಯಲ್ಲಿ. ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟಳು. ಅಲ್ಲಿನ ಸೀಳು ಅದನ್ನು ಒಳಕ್ಕೆ ಹೀರಿತು. ಬೆರಳೊತ್ತಿದಳು. ನಡುಕ ಪೂರ್ತಿ ನಿಂತಿತು.

"ಸಿಕ್ತು! ಗಾಡಿ ಬಂದ್ ಮಾಡು, ಸ್ಪಂದನಾ."

ಎಂಜಿನ್ ಆರಿದ ಮೇಲೆ ಗುಡ್ಡ ಇನ್ನೂ ದೊಡ್ಡದಾದಂತಾಯಿತು. ಪೊದೆ ಸೀಳಿಕೊಂಡು ಕರಡಿ ಹೊರಬಂತು. ಬೆನ್ನ ಮೇಲೆ ಎರಡು ಮರಿಗಳು. ಎರಡು ಕಾಲ ಮೇಲೆ ಎದ್ದು ನಿಂತು ಮೂಗಾಡಿಸಿತು.

"ಯಾರೂ ಓಡಬ್ಯಾಡ್ರಿ," ಉಳಿವೆಪ್ಪ ಪಿಸುಗುಟ್ಟಿದ. ಅವನು ಬಡಿಗೆ ಅಡ್ಡ ಹಿಡಿದು ಶಾಕೀರಾಳಿಗೂ ಕರಡಿಗೂ ನಡುವೆ ನಿಂತ.

ಶಾಕೀರಾ ಕ್ಲಿಪ್ ಸಡಿಲಿಸಿ ಪೈಪು ಕಿತ್ತಳು. ಸೀಳಿದ ಎರಡು ಬೆರಳು ಉದ್ದವನ್ನು ಚಾಕುವಿನಿಂದ ಕೊಯ್ದಳು. ಉಳಿದದ್ದನ್ನು ಎಳೆದು ಕೂಡಿಸಹೋದರೆ ಗಿಡ್ಡವಾಯಿತು. ಇನ್ನೊಮ್ಮೆ ಎಳೆದಳು. ಬಿಸಿ ಕಬ್ಬಿಣಕ್ಕೆ ಮುಂಗೈ ಸುಟ್ಟಿತು. ಬಿಡಲಿಲ್ಲ. ಪೈಪು ಕುಳಿತಿತು. ಸ್ಕ್ರೂ ತಿರುವಿದಳು. ಕೈಯಿಂದ ಸ್ಕ್ರೂಡ್ರೈವರ್ ಜಾರಿ ಕಲ್ಲಿನ ಮೇಲೆ ಠಣ್ಣೆಂದಿತು.

ಕರಡಿ ನಾಲ್ಕೂ ಕಾಲಿಗಿಳಿದು ಮುಂದೆ ಬಂತು.

"ಹತ್ರಿ, ಹತ್ರಿ!" ಉಳಿವೆಪ್ಪ ಕೂಗಿದ.

ಬಾನೆಟ್ ಬಡಿದು ಎಲ್ಲರೂ ಒಳಗೆ ಬಿದ್ದರು. ಶಾಕೀರಾ ಬ್ರೇಕಿನ ಮೇಲೆ ಕಾಲಿಟ್ಟು ಕೀ ತಿರುವಿದಳು. ಎಂಜಿನ್ ಹತ್ತಿತು. ಕಾಲಡಿಯ ಪೆಡಲ್ ಮೆತ್ತಗೆ ಒಂದಿಷ್ಟು ಕೆಳಗಿಳಿಯಿತು. ಬ್ರೇಕಿಗೆ ಬಲ ಬಂದಿತ್ತು. ಉದ್ದಕ್ಕೆ ಹಾರ್ನು ಒತ್ತಿದಳು. ಕರಡಿ ಗಕ್ಕನೆ ನಿಂತು, ಮರಿಗಳ ಸಮೇತ ಬಂಡೆಗಳ ಸಂದಿಗೆ ಹೊರಳಿತು.

ಶಾಕೀರಾ ಜೀಪನ್ನು ಹಿಂದಕ್ಕೆ ಸರಿಸಿ, ಬಂಡೆಯಿಂದ ಬಿಡಿಸಿ ದಾರಿಗೆ ತಂದಳು. ಇಳಿಯುವಾಗ ಮೊದಲ ಗೇರು ಬದಲಿಸಲೇ ಇಲ್ಲ. ಪ್ರತಿ ತಿರುವಿನಲ್ಲೂ ಉಸಿರು ಹಿಡಿದು ಬ್ರೇಕು ಮುಟ್ಟಿದಳು. ಪ್ರತಿ ಸಲವೂ ಜೀಪು ನಿಂತಿತು. ಸ್ಪಂದನಾ ಹಿಂದೆ ಕುಳಿತು ಪ್ರಶಾಂತನ ಗಾಯ ಒತ್ತಿ ಹಿಡಿದು, ಅವನು ನಿದ್ದೆ ಹೋಗದಂತೆ ಮಾತಾಡಿಸುತ್ತಲೇ ಇದ್ದಳು.

ಬುಡದಲ್ಲಿ ಆಂಬುಲೆನ್ಸಿನವರು ಅವನನ್ನು ಇಳಿಸಿಕೊಂಡು ಸಲೈನ್ ಬಾಟಲಿ ಹಚ್ಚಿದರು. "ಜೀವಕ್ಕ ಧೋಕಾ ಇಲ್ರಿ," ಅಂದರು. ಸ್ಪಂದನಾ ಅವನ ಜೊತೆ ಹತ್ತಿದಳು.

ಶಾಕೀರಾ ಮಾತ್ರ ಸೀಟಿನಿಂದ ಏಳಲಿಲ್ಲ. ಉಳಿವೆಪ್ಪ ಅಂಗಡಿಯಿಂದ ಚಹಾ ತಂದು ಅವಳ ಕೈಗೆ ಕೊಟ್ಟ.

"ಭಾಳ ಅಂಜಿದ್ದೆ, ಅಣ್ಣಾ," ಅಂದಳು.

"ನಾನೂ," ಅಂದ ಅವನು, ಬಾಗಿಲಿಗೆ ಒರಗಿ ತನ್ನ ಚಹಾ ಊದುತ್ತ.