ಹೇಳದೇ ಉಳಿದ ಏಳು

“ನಾ ಓದ್ತೀನಿ, ನೀವು ಒತ್ರಿ.”

ಕೊಟ್ಟೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕ್ರಾಂತಿಕುಮಾರ ಕೋಮಲಾಳಿಗೆ ಆಡಿದ ಮೊದಲ ಮಾತು ಇದು. ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಅವಳು ಕೆಟ್ಟ ಪ್ರಿಂಟರ್ ತಂದಿದ್ದಳು. ಹೆಸರೂ ಕೇಳದೆ ಮುಂದೆ ಹದಿನಾರು ಗುಂಡಿಗಳ ಹಲಗೆ ಇಟ್ಟನಲ್ಲ, ಆಸಾಮಿ! ಸೊನ್ನೆಯಿಂದ ಒಂಬತ್ತು, ಆಮೇಲೆ ಅ ಆ ಇ ಈ ಉ ಊ.

ಅವನು ತನ್ನದೇ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದ, ಪೂರ್ತಿ ಕನ್ನಡದಲ್ಲಿ. ಬೇರೆಯವರ ಒಂದು ಸಾಲೂ ಬೇಡವೆಂಬ ಹಟ. ಕಂಪ್ಯೂಟರಿನ ಬೋರ್ಡನ್ನು ಎಬ್ಬಿಸುವ ಫರ್ಮ್‌ವೇರನ್ನು ನೋಟ್‌ಬುಕ್ಕಿನಲ್ಲಿ ಅಂಕಿ ಅಂಕಿಯಾಗಿ ಬರೆದಿದ್ದ. ಅದೊಂದು ಎದ್ದರೆ ಮಿಕ್ಕ ಸಲಕರಣೆಗಳನ್ನೆಲ್ಲ ಅದರಿಂದಲೇ ಕಟ್ಟಬಹುದು. ಓದುತ್ತಾ ತಾನೇ ಒತ್ತಿದರೆ ಸಾಲು ತಪ್ಪುತ್ತಿತ್ತು.

ಅಂದಿನಿಂದ ದಿನಾ ಸಂಜೆ ಅವನು ಓದಿದ, ಅವಳು ಒತ್ತಿದಳು. ಅವಳಿಗೆ ಬೇಕಾಗಿದ್ದು ಅಂಕಿಗಳಲ್ಲ, ಆ ದನಿ. ಹೇಳುವುದು ಹೇಗೆ...

ಇಪ್ಪತ್ತನೆಯ ಸಂಜೆ ಬೋರ್ಡಿಗೆ ಕರೆಂಟ್ ಕೊಟ್ಟರು. ಪರದೆ ಕಪ್ಪಾಗಿಯೇ ಇತ್ತು. ಒತ್ತಿದ್ದನ್ನು ಎಣಿಸಿದರೆ ನೋಟ್‌ಬುಕ್ಕಿಗಿಂತ ನೂರಾರು ಅಂಕಿ ಕಡಿಮೆ!

“ಮನಸ್ಸಿಲ್ಲದಿದ್ರ ಬರಬಾರದಿತ್ರಿ,” ಎಂದ.

ಮನಸ್ಸಿಲ್ಲವೇ? ತನಗೆ? ಅವನು ಬರೆದದ್ದು, ತಾನು ಒತ್ತಿದ್ದು, ಎರಡೂ ಪಟ್ಟಿಗಳ ಫೋಟೊ ತೆಗೆದುಕೊಂಡು ಎದ್ದು ಹೋದಳು.

ತಂಬ್ರಹಳ್ಳಿಯ ತನ್ನ ಮನೆಯಲ್ಲಿ ಅಳುತ್ತಲೇ ಸಾಲು ಸಾಲು ಹೋಲಿಸಿದಳು. ಬಿಟ್ಟುಹೋದದ್ದೆಲ್ಲ ಒಂದೇ ಅಂಕಿ. ಏಳು. ಆಗ ನೆನಪಾಯಿತು, ಓದುವಾಗ ನಡುನಡುವೆ ಅವನ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಅವನ ಅಕ್ಕ ಶಾಂತಕುಮಾರಿಗೆ ಫೋನ್ ಮಾಡಿ ಏಳರ ಗುಟ್ಟೇನೆಂದು ಕೇಳಿದಳು. ಹೋದ ವರ್ಷ ಅವರವ್ವ ಸುಂಕಮ್ಮ ನಿದ್ದೆಯಲ್ಲೇ ತೀರಿಕೊಂಡಾಗ, ಮಣ್ಣು ಮಾಡುವ ತನಕ ತಮ್ಮನದು ಒಂದೇ ಮಾತಾಗಿತ್ತಂತೆ: ಏಳವ್ವಾ, ಏಳು.

ಮರುದಿನ ಅಂಗಡಿಗೆ ಬಂದವಳೇ ನೋಟ್‌ಬುಕ್ ಎತ್ತಿಕೊಂಡಳು.

“ಒಂದು ಏಳೂ ನೀವು ಹೇಳಿಲ್ರಿ.”

ಅವನು ನಂಬಲಿಲ್ಲ. ಪಟ್ಟಿ ನೋಡಿದ ಮೇಲೆ ಕುಸಿದು ಕೂತ. ಹೇಳಿದ್ದೇನೆಂದೇ ತಿಳಿದಿದ್ದ, ಪಾಪ.

“ಸೆವೆನ್ ಅನ್ನಬಹುದಿತ್ತಲ್ರಿ?”

“ಅವ್ವಗ ಅಂತ ಕಟ್ಟಿದ್ದು ಇದು. ಆಕಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಈಗ ಇದು ಎದ್ರೂ ನೋಡಾಕ ಆಕಿ ಇಲ್ಲ.”

“ನಾ ಅದೀನಿ,” ಎಂದಳು ಕೋಮಲಾ. “ನಾ ಓದ್ತೀನಿ, ನೀವು ಒತ್ರಿ.”

ಮತ್ತೆ ಇಪ್ಪತ್ತು ಸಂಜೆ. ಏಳು ಬಂದಾಗಲೆಲ್ಲ ಅವಳು ದನಿ ತಗ್ಗಿಸಿದಳು. ಅವನು ಕಣ್ಣೊರೆಸಿಕೊಂಡು ಒತ್ತಿದ.

ಕೊನೆಗೆ ಪರದೆ ಬೆಳಗಿತು. ಅವ್ವ ಬದುಕಿದ್ದಾಗಲೇ ಅವನು ಬರೆದಿಟ್ಟಿದ್ದ ಒಂದೇ ಸಾಲು ಮೂಡಿತು.

ಎದ್ದೀನವ್ವಾ.

ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಎಷ್ಟು ಹೊತ್ತೋ... ಅವಳು ತಲೆಯ ಮೇಲೆ ಕೈಯಿಟ್ಟಳು.

“ಏಳ್ರಿ. ಉಣ್ಣಾಕ ಹೋಗೋಣ.”

“ರಿ ಬ್ಯಾಡ. ಬರೇ ಏಳು ಅನ್ನು, ಕೋಮಲಾ.”

ಅವಳು ಅವನ ಕೈ ಹಿಡಿದಳು.

“ಏಳು, ಕ್ರಾಂತಿ.”

ಅವನು ಎದ್ದ.