ಸೀಸದ ಕೆಂಪು

"ಮನೆ ನಂಬರ್ ಎಷ್ಟು?" ನಂಬರ್ ಪ್ಲೇಟ್ ಬರೆಯುವವನು ತಲೆ ಎತ್ತದೆ ಕೇಳಿದ.

"ಒಂದರಿಂದ ಹನ್ನೆರಡು."

ಆಗ ತಲೆ ಎತ್ತಿದ. ಹನ್ನೆರಡು ಮನೆಗಳ ಒಡತಿ ಇಷ್ಟು ಸವೆದ ಚಪ್ಪಲಿ ಹಾಕಿಕೊಂಡು ಬರುತ್ತಾಳೆಯೇ ಎಂಬಂತೆ ನನ್ನ ಕಾಲನ್ನೇ ನೋಡಿದ. ನಾನು ಬಂದದ್ದು ಗೋಡೆಗೆ ಹೊಡೆಯುವ ಪ್ಲೇಟಿಗಲ್ಲ, ಕೈಗಡಿಯಾರದ ಡಯಲ್‌ಗೆ ಎಂದು ಅವನ ತಲೆಗೆ ಹೋಗಲು ಕಾಲು ಗಂಟೆ ಬೇಕಾಯಿತು.

ಏಳು ವರ್ಷ ಶೋರೂಮಿನಲ್ಲಿ ನಿಂತು ಬೇರೆಯವರ ವಾಚುಗಳನ್ನು ಮಾರಿ ನನಗೆ ಸಾಕಾಗಿತ್ತು. ನನ್ನದೇ ಕಂಪನಿ ಮಾಡಬೇಕು, ವರ್ಷಕ್ಕೆ ಕೆಲವೇ ವಾಚು, ಪ್ರತಿಯೊಂದೂ ಕೈಯಲ್ಲೇ ಆಗಬೇಕು ಎಂಬ ಹುಚ್ಚು ಹಿಡಿದಿತ್ತು. ಒಳಗಿನ ಯಂತ್ರ ಜೋಡಿಸಲು ಗಡಿಯಾರ ರಿಪೇರಿಯ ಚಿಕ್ಕಪ್ಪ ಒಪ್ಪಿದ್ದರು. ಆದರೆ ತಾಮ್ರದ ಬಿಲ್ಲೆಯ ಮೇಲೆ ಗಾಜಿನ ಪುಡಿ ಕರಗಿಸಿ, ಅದರ ಮೇಲೆ ಕುಂಚದಲ್ಲಿ ಅಂಕಿ ಬರೆಯುವವನು ಇವನೊಬ್ಬನೇ ಉಳಿದಿದ್ದ. ಇವನಿಗೂ ಅನ್ನ ಹಾಕುತ್ತಿದ್ದದ್ದು ಅಚ್ಚು ಇಟ್ಟು ಬಣ್ಣ ಬಳಿದ ನಂಬರ್ ಪ್ಲೇಟುಗಳು.

ಬರೆದು ತೋರಿಸಿ ಎಂದೆ. ತಂದೆಯ ಕಾಲದ ಡಬ್ಬಿಯಿಂದ ಕೆಂಪು ಪುಡಿ ತೆಗೆದು ನೀರಲ್ಲಿ ಕಲಸಿದ. ನಾನು ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ. ಅವನು ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆದು ಚೂಪು ಮಾಡಿಕೊಂಡ. ಕಣ್ಣು ಸರಿಸಬೇಕಿತ್ತು, ಸರಿಸಲಿಲ್ಲ. ಅವನು ಅದನ್ನು ನೋಡಿದ. ಕಿವಿ ಕೆಂಪಾದದ್ದು ಇಬ್ಬರಿಗೂ.

ಕುಲುಮೆಯಿಂದ ಹೊರಬಂದ ಆ 'ಏಳು' ಎಂಬ ಅಂಕಿ ನನ್ನ ಹತ್ತಿರ ಈಗಲೂ ಇದೆ. ಅಂಥ ಕೆಂಪು ಬೇರೆ ಯಾರಿಂದಲೂ ಬರುವುದಿಲ್ಲ. ಅದರ ಹದ ಅವನ ಮನೆತನದವರ ಬಾಯಲ್ಲಿ ಮಾತ್ರ ಇತ್ತು, ಎಲ್ಲೂ ಬರೆದಿಟ್ಟಿರಲಿಲ್ಲ.

ಕಂಪನಿ ಶುರುವಾಯಿತು. ಎರಡು ಕಿಟಕಿಯ ಒಂದು ಕೋಣೆ, ಮೂರು ಮೇಜು. ಮಧ್ಯಾಹ್ನದ ಬೆಳಕಿನಲ್ಲಿ ಅವನು ಕುಂಚ ತುಟಿಗಿಟ್ಟ ಗಳಿಗೆಯ ಫೋಟೋ ತೆಗೆದೆ. ಅದನ್ನೇ ಜಾಹೀರಾತಿಗೆ ಹಾಕಿದೆ. ಜನ ವಾಚಿಗಿಂತ ಮೊದಲು ಆ ಫೋಟೋಗೆ ಮರುಳಾದರು. ಕೊಳ್ಳಲು ಬಂದವರು ಕೆಲಸ ನೋಡಬೇಕೆಂದಾಗಲೆಲ್ಲ ನಾನು ಅವನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ಅವನು ಕುಂಚ ಎತ್ತುತ್ತಿದ್ದ.

"ನಿಮ್ಮಿಂದ ನಾನು ಸಿನಿಮಾ ಹೀರೋ ಆಗ್ಬಿಟ್ಟೆ," ಎಂದ ಒಂದು ದಿನ.

"ಹೀರೋಗಳು ಇಷ್ಟು ಹಳೇ ಅಂಗಿ ಹಾಕಲ್ಲ."

"ಹಾಕಿದ್ರೂ ಹೀರೋಯಿನ್ನುಗಳು ಇಷ್ಟೊತ್ತು ನೋಡ್ತಾ ಕೂರಲ್ಲ."

ಎದ್ದು ನನ್ನ ಮೇಜಿಗೆ ಹೋದೆ. ಹೀಗೇ ಒಂದೂವರೆ ವರ್ಷ. ಇಬ್ಬರೂ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಆ ದಿನಗಳಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ, ನನ್ನಷ್ಟು ಕುರುಡಿಯೂ.

ಅವನಿಗೆ ಹೊಟ್ಟೆನೋವು ಬರತೊಡಗಿತು. ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಬೈದೆ. ಆಮೇಲೆ ಒಂದು ಬೆಳಗ್ಗೆ ಅವನ ಬಲಗೈ ಮಣಿಕಟ್ಟು ಜೋತುಬಿತ್ತು. ಎತ್ತಲು ನೋಡಿದ, ಏಳಲಿಲ್ಲ. ಕುಂಚ ನೆಲಕ್ಕೆ ಬಿತ್ತು. ಅವನು ನಗಲು ಪ್ರಯತ್ನಿಸಿದ್ದು ನನಗೆ ಇಂದಿಗೂ ಮರೆಯಲಾಗಿಲ್ಲ.

ಆ ಕೆಂಪಿನಲ್ಲಿ ಸೀಸ ಇದೆ ಎಂದರು ಡಾಕ್ಟರು. ಅದು ಬಾಯಿಯ ಮೂಲಕವೇ ಮೈಗೆ ಸೇರಿ ನರಕ್ಕೆ ಹೊಡೆದಿದೆ, ಕೈ ಮೊದಲಿನಂತೆ ಆಗುವ ಭರವಸೆ ಕೊಡಲಾರೆ, ಮತ್ತೆ ಮುಟ್ಟಿದರೆ ಜೀವಕ್ಕೇ ಸಂಚಕಾರ ಎಂದರು.

ವರಾಂಡದಲ್ಲಿ ಅವನ ಅಕ್ಕ ತಲೆ ಚಚ್ಚಿಕೊಂಡರು. ಕುಂಚ ಬಾಯಿಗೆ ಹೋದರೆ ಅಪ್ಪ ಬೆರಳಿಗೆ ಬಾರಿಸುತ್ತಿದ್ದರಂತೆ. ಒದ್ದೆ ಬಟ್ಟೆಗೆ ಒರೆಸಿಯೇ ಚೂಪು ಮಾಡಬೇಕು, ಅದು ಮನೆಯ ಕಟ್ಟುನಿಟ್ಟು. "ಇವನು ಒಂದಿನಾನೂ ತಪ್ಪಿದವನಲ್ಲಮ್ಮ. ಈ ಚಾಳಿ ಯಾವಾಗ ಹತ್ತಿತು?" ಎಂದು ನನ್ನನ್ನೇ ಕೇಳಿದರು.

ಒಳಗೆ ಹೋಗಿ ಅವನನ್ನು ಕೇಳಿದೆ.

"ಮೊದಲ ದಿನ ನೀವು ಎದುರಿಗೆ ಕೂತಿದ್ರಲ್ಲ, ಕೈ ನಡುಗ್ತಿತ್ತು. ಗೊತ್ತಿಲ್ಲದೆ ಬಾಯಿಗೆ ಹೋಯ್ತು."

"ಆಮೇಲೆ?"

"ಆಮೇಲೆ ಗೊತ್ತಿದ್ದೇ." ಕಿಟಕಿ ಕಡೆ ತಿರುಗಿದ. "ನೀವು ನೋಡ್ತಿದ್ರಿ. ಬೇರೆ ಯಾವುದಕ್ಕೂ ನನ್ನನ್ನ ಹಾಗೆ ನೋಡ್ಲಿಲ್ಲ."

ಪ್ರೀತಿಯ ಮಾತು ಹೀಗೆ ಕಿವಿಗೆ ಬೀಳುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡು ಅತ್ತೆ.

ಒಪ್ಪಿಕೊಂಡ ವಾಚುಗಳಲ್ಲಿ ಮೂರು ಬಾಕಿ ಇದ್ದವು. ಆಸ್ಪತ್ರೆಯಿಂದ ಬಂದವನೇ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಅವನ್ನು ಮುಗಿಸುತ್ತೇನೆ ಎಂದು ಹಟ ಹಿಡಿದ. ನಾನು ಅವನನ್ನು ಕೇಳದೆ ಕೆಂಪಿನ ಡಬ್ಬಿಗಳನ್ನು ವಿಷದ ಕಸ ಒಯ್ಯುವ ಗಾಡಿಗೆ ಕೊಟ್ಟೆ. ಫೋಟೋ ಕಿತ್ತುಹಾಕಿದೆ. ಕೊಂಡವರಿಗೆಲ್ಲ ಇದ್ದದ್ದು ಇದ್ದಂತೆ ಬರೆದೆ. ಹಳೆಯ ಕಸುಬು ಉಳಿಸುತ್ತೇನೆಂದು ಶುರು ಮಾಡಿದ ಕಂಪನಿಯ ಬಾಗಿಲನ್ನು ನಾನೇ ಹಾಕಿದೆ.

"ಕೈ ನಂದು, ಹೋದ್ರೆ ಹೋಯ್ತು. ಆ ಕೆಂಪು ನಮ್ಮಪ್ಪಂದು," ಎಂದ. ಎರಡು ತಿಂಗಳು ನನ್ನ ಜೊತೆ ಮಾತಿಲ್ಲ. ನಾನು ದಿನವೂ ಹೋಗುತ್ತಿದ್ದೆ. ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅಕ್ಕ ನನಗೊಂದು ಲೋಟ ನೀರು ಕೊಟ್ಟು ಒಳಗೆ ಹೋಗುತ್ತಿದ್ದರು.

ಕೊನೆಗೆ ಒಂದು ದಿನ ಹೊಸ ನೋಟ್‌ಬುಕ್ ಒಯ್ದು ಅವನ ಪಕ್ಕ ಕೂತೆ. ಪುಡಿ ಹೋಗಲಿ, ಹದವನ್ನಾದರೂ ಉಳಿಸೋಣ, ನೀವು ಹೇಳಿ ನಾನು ಬರೆದುಕೊಳ್ಳುತ್ತೇನೆ, ನಿಮ್ಮಪ್ಪನ ಹೆಸರಲ್ಲೇ ಇಡೋಣ ಎಂದೆ. ಅವನು ಈ ಕಡೆ ಹೊರಳಿದ. ಎಷ್ಟು ಸೋತಿದ್ದ. ಸೀಸ ಎಷ್ಟು ಪಾಲು ಎಂದು ಹೇಳಲು ಬಾಯಿ ತೆರೆದ. ನನ್ನ ಪೆನ್ನಿನ ಕಡೆ ನೋಡಿದ. ನನ್ನ ಮುಖ ನೋಡಿದ.

"ಬೇಡ," ಎಂದ. "ಬರೆದಿಟ್ರೆ ಇನ್ನೊಬ್ಬ ಮಾಡ್ತಾನೆ. ಎದುರಿಗೆ ಇನ್ನೊಬ್ಬಳು ಕೂತಿರ್ತಾಳೆ."

"ಹಾಗಾದ್ರೆ ಕಳೆದೇ ಹೋಗುತ್ತೆ."

"ಹೋಗ್ಲಿ. ನನ್ನ ಜೊತೆಗೇ ಮುಗೀಲಿ." ಆ ಬಲಗೈಯನ್ನು ಎಡಗೈಯಿಂದ ಎತ್ತಿ ನನ್ನ ಮಡಿಲಲ್ಲಿ ಇಟ್ಟ. "ನೀನು ಹೋಗ್ಬೇಡ."

ಒಂದಕ್ಷರವೂ ಬರೆಯದ ನೋಟ್‌ಬುಕ್ಕನ್ನು ಮುಚ್ಚಿ, ಆ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದುಕೊಂಡೆ. ಅವನಿಗೆ ತಿರುಗಿ ಹಿಡಿಯಲು ಆಗಲಿಲ್ಲ.